ಎಂಜಿನಿಗೆ ಸಿಹಿನೀರು

೨೦೨೩ನೆಯ ಇಸವಿ ಜುಲೈ ೧೭, ಸೋಮವಾರ. ಮರವಂತೆಯ ಯುವಕ ಸಂಘದ ಕೋಣೆಯಲ್ಲಿ ಕಂಪ್ಯೂಟರುಗಳು ಹನ್ನೊಂದು. ಬೆಳಿಗ್ಗೆ ಹತ್ತಕ್ಕೆ ಚಂದ್ರಮತಿ ಟೀಚರ್ ಗುಂಡಿ ಒತ್ತಿದಾಗ ಎಂಟು ಚಾಲೂ ಆದವು. ಮೂರು ಪಟಾಕಿಯಂತೆ ಸಿಡಿದು, ಸುಟ್ಟ ವಾಸನೆ ಬಿಟ್ಟು, ಸತ್ತವು. ಅವುಗಳ ಪೆಟ್ಟಿಗೆಗಳಡಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ವಾಸನೆ ಹಿಡಿದು ಸಂಘದ ಕಾರ್ಯದರ್ಶಿ ಸೋಮ ಒಳಗೆ ನುಗ್ಗಿದ. ಮುಂಬೈಯ ಹೋಟೆಲಿನವರ ಕಾಲು ಹಿಡಿದು ಆ ಯಂತ್ರಗಳನ್ನು ತಂದವನು ಅವನೇ.

"ಯಾರ್ ನೀರ್ ಹೊಯ್ದದ್ದ್?"

ಹನ್ನೆರಡು ವರ್ಷದ ಪ್ರಣೀತಾ ಎದ್ದು ನಿಂತಳು. ಅಂದು ಕಸ ಗುಡಿಸುವ ಸರದಿ ಅವಳದು.

"ನಾನ್. ಸ್ಕ್ರೂ ಎಲ್ಲ ಉಪ್ಪ್ ಹಿಡ್ದಿತ್ತಲೆ, ಅದ್ಕೆ. ನಮ್ ಅಪ್ಪಯ್ಯ ಕಡ್ಲಿಂದ ಬಂದ್ ಕೂಡ್ಲೆ ಎಂಜಿನಿಗೆ ಸಿಹಿನೀರ್ ಹೊಯ್ತ್ರ್. ಇಲ್ದಿರೆ ಎಂಜಿನ್ ಸಾಯ್ತ್. ಬಿಂದ್ಗೆ ನೀರ್ ಮೂರಕ್ಕೇ ಮುಗೀತ್."

"ಇದ್ ಎಂಜಿನ್ ಅಂದ್ ಹೇಳ್ದ್ ಯಾರ್?"

"ಟೀಚರ್ ಹೇಳಿರ್."

ಟೀಚರ್ ಹೇಳಿದ್ದು ನಿಜ. ಕಳೆದ ಗುರುವಾರ ಅವಳು ಬೋರ್ಡಿನ ಮೇಲೆ ದೋಣಿಯನ್ನೂ ಕಂಪ್ಯೂಟರನ್ನೂ ಅಕ್ಕಪಕ್ಕ ಬರೆದಿದ್ದಳು. ಕೀಬೋರ್ಡು ಚುಕ್ಕಾಣಿ, ಹಾರ್ಡ್‌ಡಿಸ್ಕು ಮೀನು ತುಂಬುವ ಜಾಗ, ಸಿಪಿಯು ಎಂಜಿನ್. ಮಕ್ಕಳು ಒಂದೇ ದಿನದಲ್ಲಿ ಭಾಗಗಳ ಹೆಸರು ಬಾಯಿಪಾಠ ಮಾಡಿಕೊಂಡರು. ಆದರೆ ಅವಳು ಕೊಕ್ಕರ್ಣೆಯ ಗದ್ದೆಬದಿಯಲ್ಲಿ ಬೆಳೆದವಳು. ದೋಣಿಯ ಎಂಜಿನನ್ನು ಹೆದ್ದಾರಿಯಿಂದ ಕಂಡಿದ್ದಳೇ ಹೊರತು ಅದನ್ನು ತೊಳೆಯುವುದನ್ನು ಕಂಡಿರಲಿಲ್ಲ.

ಸೋಮ ತಿರುಗಿದ. "ಹೌದಾ ಟೀಚರೆ?"

ತಿಂಗಳ ಕೊನೆಗೆ ಅವಳ ಕೆಲಸ ಮುಂದುವರಿಯಬೇಕಾದರೆ ಅವನ ಸಹಿ ಬೀಳಬೇಕಿತ್ತು.

"ಇಲ್ಲೆ. ನಾ ಹಾಂಗ್ ಹೇಳ್ಲಿಲ್ಲ."

"ಮೀನ್ ತೊಳ್ದಂಗ್ ತೊಳ್ದದ್ದಲ್ದೆ, ಸುಳ್ಳ್ ಬೇರೆ!" ಸೋಮ ಸತ್ತ ಯಂತ್ರದ ಕೇಬಲ್ಲನ್ನು ಕಿತ್ತು, ಪ್ಲಗ್ಗಿನ ತುದಿ ಹೊರಗಿರುವಂತೆ ಕೈಗೆ ಸುತ್ತಿಕೊಂಡು ಬೀಸಿದ. ಮೊದಲನೆಯದು ತೋಳಿಗೆ, ಮಿಕ್ಕವು ಬೆನ್ನಿಗೆ. ಬೇಡವೆಂದರೂ ಚಂದ್ರಮತಿಯ ಮನಸ್ಸು ಎಣಿಸುತ್ತ ಹೋಯಿತು. ನಾಲ್ಕರ ನಂತರ ಹುಡುಗಿ ಕೂಗುವುದನ್ನು ಬಿಟ್ಟು ಟೀಚರನ್ನೇ ನೋಡತೊಡಗಿದಳು. ಏಳಕ್ಕೆ ಅಂಗಿ ಹರಿದು ರಕ್ತ ಕಂಡಿತು.

ಎಂಟನೆಯದು ಬೀಳಲಿಲ್ಲ. ಮಳೆಗಾಲದ ಕಡಲು ದೋಣಿ ಇಳಿಸಗೊಡದ ದಿನಗಳು. ಹುಡುಗಿಯ ಅಪ್ಪ, ಗುಡ್ಡ ಎಂಬವನು, ಪಕ್ಕದ ಚಪ್ಪರದಲ್ಲೇ ಬಲೆ ಹೆಣೆಯುತ್ತಿದ್ದ. ಮಗಳ ಕೂಗು ಕೇಳಿ ಬಂದವನು ಮೇಜಿನ ಮೇಲಿನ ಮಾನಿಟರನ್ನೆತ್ತಿ ಸೋಮನ ಹೆಗಲಿಗೆ ಅಪ್ಪಳಿಸಿದ. ಬಿದ್ದವನ ಬೆನ್ನಿಗೆ ಮೊಣಕಾಲೂರಿ ಅದೇ ಕೇಬಲ್ಲನ್ನು ಕುತ್ತಿಗೆಗೆ ಸುತ್ತಿದ.

"ಬಿಡ್ ಗುಡ್ಡ! ನಿನ್ ಮಗ್ಳ್ ಸುಳ್ಳಿ..." ಸೋಮನ ದನಿ ಕತ್ತರಿಸಿಹೋಯಿತು.

"ನನ್ ಮಗ್ಳ್ ಸುಳ್ಳಿಯಾ? ಹ್ವಾಯ್, ಇನ್ನೊಂದ್ ಸಲ ಹೇಳ್ ಕಾಂಬ!" ಗುಡ್ಡ ಇನ್ನೊಂದು ಸುತ್ತು ಬಿಗಿದ. ಸೋಮನ ಹಿಮ್ಮಡಿಗಳು ನೆಲ ಬಡಿದವು. ತುಟಿ ನೀಲಿಗಟ್ಟಿತು.

ಚಂದ್ರಮತಿ ಗುಡ್ಡನ ತೋಳಿಗೆ ಜೋತುಬಿದ್ದಳು. ಅವನು ಕೊಡವಿದ ರಭಸಕ್ಕೆ ಅವಳ ಹಣೆ ಮೇಜಿನ ಅಂಚಿಗೆ ಬಡಿದು ಕಣ್ಣೊಳಗೆ ರಕ್ತ ಇಳಿಯಿತು. ನೆಲದಿಂದಲೇ ಚೀರಿದಳು:

"ಸುಳ್ಳ್ ಹೇಳ್ದ್ ನಾನ್! ಎಂಜಿನ್ ಅಂದದ್ದೂ ನಾನೇ!"

ಗುಡ್ಡನ ಮುಷ್ಟಿ ಬಿಚ್ಚಿತು. ಸೋಮ ಬಾಗಿಲವರೆಗೆ ತೆವಳಿ ವಾಂತಿ ಮಾಡಿಕೊಂಡ. ಗುಡ್ಡ ಏದುಸಿರು ಬಿಡುತ್ತ ಮಗಳ ಬೆನ್ನು ನೋಡಿದ, ಟೀಚರನ್ನು ನೋಡಿದ. ಕೇಬಲ್ಲನ್ನು ಮಗಳ ಕೈಗಿಟ್ಟ.

"ಎಷ್ಟ್ ಬಿತ್ತ್, ಹೆಣ್ಣೆ?"

ಹುಡುಗಿ ಕೇಬಲ್ಲನ್ನು ಮುಷ್ಟಿಗೆ ಸುತ್ತಿಕೊಂಡಳು.

"ಏಳ್ ಪೆಟ್ಟ್," ಎಂದು ಚಂದ್ರಮತಿ ಎದ್ದು ಅಂಗೈ ಚಾಚಿದಳು.

ಪ್ರಣೀತಾ ಒಮ್ಮೆ ಬೀಸಿದಳು. ಪ್ಲಗ್ಗಿನ ಹಿತ್ತಾಳೆ ಅಂಗೈಯನ್ನು ಸೀಳಿತು. ಚಂದ್ರಮತಿ ಕೈ ಹಿಂದೆಗೆಯಲಿಲ್ಲ. ಹುಡುಗಿ ಕೇಬಲ್ಲನ್ನು ಮೇಜಿನ ಮೇಲಿಟ್ಟು, "ಉಳ್ದದ್ದ್ ಮತ್ತೆ, ಟೀಚರೆ," ಎಂದು ಅಪ್ಪನ ಹಿಂದೆ ಹೊರಟುಹೋದಳು.

ಯಾರೂ ಯಾರ ಮೇಲೂ ದೂರು ಕೊಡಲಿಲ್ಲ. ತಿಂಗಳ ಕೊನೆಗೆ ಸೋಮ ಸಹಿ ಹಾಕಲಿಲ್ಲ. ಕೊನೆಯ ದಿನ ಚಂದ್ರಮತಿ ಸಂಜೆಯವರೆಗೆ ಬಾಗಿಲಲ್ಲಿ ಕಾದಳು, ಪ್ರಣೀತಾ ಬರಲಿಲ್ಲ. ಏಳರಲ್ಲಿ ಒಂದು ಕಳೆದರೆ ಆರು. ಆ ಆರನ್ನೂ ಹೊತ್ತುಕೊಂಡೇ ಅವಳು ಕೊಕ್ಕರ್ಣೆಯ ದಾರಿ ಹಿಡಿದಳು.