ಬಾನೆಟ್ ಒಳಗಿನ ಬುಸ್ ಸದ್ದು

ರಾಮನಾಥಪುರದ ಹತ್ತಿರ ಹೊಗೆಸೊಪ್ಪು ಬೆಳೆಯುವ ಸುದರ್ಶನನ ಮನೆಯಲ್ಲಿ ಕೆಲವು ದಿನಗಳಿಂದ ಯಾರಿಗೂ ನೆಮ್ಮದಿ ಇರಲಿಲ್ಲ. ಸಂಜೆ ಕಾರು ತಂದು ಅಂಗಳದಲ್ಲಿ ನಿಲ್ಲಿಸಿ ಎಂಜಿನ್ ಆರಿಸಿದ ಮೇಲೂ ಮುಂಭಾಗದಿಂದ ಬುಸ್ ಎಂದು ಸದ್ದು ಬರುತ್ತಿತ್ತು. ಅದನ್ನು ಮೊದಲು ಕೇಳಿದವರು ಅವನ ತಾಯಿ ಪುಟ್ಟತಾಯಮ್ಮ. ಎರಡೂ ಕಣ್ಣಿಗೆ ಪೊರೆ ಬಂದಿದ್ದ ಅವರಿಗೆ ಕಿವಿಯೇ ಆಧಾರ. ಬಾನೆಟ್ ಒಳಗೆ ಹಾವು ಸೇರಿಕೊಂಡಿದೆ ಎಂದು ಅವರು ಯಾರನ್ನೂ ಹತ್ತಿರ ಬಿಡಲಿಲ್ಲ. ಸೊಸೆ ಭವ್ಯಶ್ರೀ ಕೋಲು ಹಿಡಿದು ನಿಂತಳು. ಸುದರ್ಶನ ಬಾನೆಟ್ ಎತ್ತಿ ನೋಡಿದ. ಹಾವೂ ಇಲ್ಲ, ಹಲ್ಲಿಯೂ ಇಲ್ಲ.

“ಎಂಜಿನ್ ಕಾದದೆ, ಉಸಿರ್ ಬುಡ್ತದೆ. ಸುಮ್ನೆ ಎದ್ರುಕೋಬ್ಯಾಡಿ,” ಎಂದು ನಕ್ಕುಬಿಟ್ಟ.

ಭವ್ಯಶ್ರೀಗೆ ನಗು ಬರಲಿಲ್ಲ. ಬೆಳಿಗ್ಗೆ ಅಂಗಳ ಗುಡಿಸುವಾಗ ಕಾರಿನ ಕೆಳಗೆ ನೆಲ ಒದ್ದೆಯಾಗಿರುವುದನ್ನು ಅವಳು ದಿನವೂ ನೋಡುತ್ತಿದ್ದಳು. ಗಂಡ ದಿನವೂ ರೇಡಿಯೇಟರಿಗೆ ಬೋರ್‌ವೆಲ್ ನೀರು ಸುರಿಯುತ್ತಿದ್ದ. ಆ ನೀರೆಲ್ಲ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ, ಹಳೇ ಗಾಡಿ ಕುಡಿಯುತ್ತದೆ ಎನ್ನುತ್ತಿದ್ದ. ಗ್ಯಾರೇಜಿಗೆ ತೋರಿಸೋಣ ಎಂದರೆ, ಹೊಗೆಸೊಪ್ಪನ್ನು ಗೂಡಿನಲ್ಲಿ ಬೇಯಿಸಿ ಹದ ಮಾಡುವ ಕೆಲಸ ಮುಗಿಯಲಿ ಎಂದು ಮುಂದೆ ಹಾಕಿದ.

ಪುಟ್ಟತಾಯಮ್ಮನ ಕಣ್ಣಿನ ಆಪರೇಷನ್‌ಗೆ ಹಾಸನಕ್ಕೆ ಹೊರಟ ದಿನ ಪಕ್ಕದ ಮನೆಯ ಸ್ಪಂದನಾ ಕೂಡ ಜೊತೆಗೆ ಬಂದಳು. ಅವಳು ಹಾಸನದ ಆಸ್ಪತ್ರೆಯೊಂದರಲ್ಲಿ ನರ್ಸ್. ಸುಟ್ಟ ಗಾಯದವರ ವಾರ್ಡಿನಲ್ಲಿ ಅವಳ ಕೆಲಸ.

ಅರಕಲಗೂಡು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಓಡುವ ಕಾರಿನಲ್ಲೇ ಬುಸ್ ಸದ್ದು ಎದ್ದಿತು. ಭವ್ಯಶ್ರೀ ಮುಂದಕ್ಕೆ ಬಗ್ಗಿ ನೋಡಿದಳು. ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಯ ಹತ್ತಿರ ಬಂದಿತ್ತು. ಈಗಲೇ ಪಕ್ಕಕ್ಕೆ ನಿಲ್ಲಿಸಿ ಎಂದು ಸ್ಪಂದನಾ ಹೇಳಿದಳು. ಮುಂದಿನ ಪೆಟ್ರೋಲ್ ಬಂಕಿನವರೆಗೆ ಹೋಗಿಬಿಡೋಣ ಎಂದ ಸುದರ್ಶನ. ಅಷ್ಟರಲ್ಲಿ ಬಾನೆಟ್ಟಿನ ಸಂದಿಯಿಂದ ಬಿಳಿ ಹಬೆ ಎದ್ದು ಮುಂದಿನ ಗಾಜನ್ನೆಲ್ಲ ಮುಚ್ಚಿತು. ರಸ್ತೆ ಕಾಣಲಿಲ್ಲ. ಹಿಂದಿನಿಂದ ಲಾರಿಯ ಹಾರ್ನ್ ಎದೆ ಒಡೆಯುವಂತೆ ಕೇಳಿಸಿತು. ಸುದರ್ಶನ ಹೇಗೋ ಅಂದಾಜಿನಲ್ಲೇ ಕಾರನ್ನು ಪಕ್ಕಕ್ಕೆ ಎಳೆದು ಎಂಜಿನ್ ಆರಿಸಿದ.

“ಬೆಂಕಿ ಬಿತ್ತಾ ಮಗಾ? ನಂಗೇನೂ ಕಾಣ್ತಿಲ್ವಲ್ಲ,” ಎಂದರು ಪುಟ್ಟತಾಯಮ್ಮ.

ಭವ್ಯಶ್ರೀ ಅತ್ತೆಯ ಸೀಟ್ ಬೆಲ್ಟ್ ಬಿಚ್ಚಲು ಹೋದರೆ ಅದು ಸಿಕ್ಕಿಕೊಂಡಿತು. ಸ್ಪಂದನಾ ಕೈ ಹಾಕಿ ಬಿಚ್ಚಿದಳು. ಇಬ್ಬರೂ ಸೇರಿ ಅವರನ್ನು ದೂರದ ಹುಣಸೆಮರದ ಕೆಳಗೆ ಕೂರಿಸಿದರು. ಹಿಂತಿರುಗಿ ನೋಡಿದರೆ ಸುದರ್ಶನ ಬಾನೆಟ್ ಎತ್ತಿ, ಕೈಗೆ ಟವಲ್ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳಕ್ಕೆ ಕೈ ಚಾಚಿದ್ದ. ಭವ್ಯಶ್ರೀ ಓಡಿಹೋಗಿ ಅವನ ತೋಳು ಹಿಡಿದಳು. ಬಿಡು, ನೀರು ಹುಯ್ದರೆ ಸರಿಹೋಗುತ್ತದೆ ಎಂದು ಅವನು ಗದರಿದ.

“ಮುಚ್ಚಳ ಮುಟ್ಬ್ಯಾಡಿ ಅಣ್ಣ,” ಎಂದಳು ಹಿಂದೆಯೇ ಬಂದ ಸ್ಪಂದನಾ. “ಒಳಗಿರೋದು ಕುದಿಯೋ ನೀರಿಗಿಂತ್ಲೂ ಬಿಸಿ. ಸಡ್ಲ ಮಾಡಿದ್ ತಕ್ಷಣ ಮುಖಕ್ಕೇ ಎಗರ್ತದೆ. ಇಂಗೇ ಟವಲ್ ಸುತ್ಕಂಡು ತಗ್ದೋರಿಗೆ ನಾನೇ ಡ್ರೆಸ್ಸಿಂಗ್ ಮಾಡಿವ್ನಿ.”

ಅವನು ನಂಬಲಿಲ್ಲ. ಎಷ್ಟೋ ಸಲ ತೆಗೆದಿದ್ದೇನೆ, ಏನೂ ಆಗಿಲ್ಲ ಎಂದ. ಭವ್ಯಶ್ರೀ ಹಿಡಿದ ತೋಳು ಬಿಡಲಿಲ್ಲ.

“ಅತ್ತೆಗಂತೂ ಕಣ್ಣು ಕಾಣಾಕಿಲ್ಲ. ನಿಮ್ ಕಣ್ಣೂ ಓದ್ರೆ ನಾವೇನ್ ಮಾಡಾವ ರೀ?”

ಆ ಮಾತಿಗೆ ಅವನ ಕೈ ತಡೆಯಿತು. ಹೆಂಡತಿಯ ಜೊತೆ ಹಿಂದಕ್ಕೆ ಸರಿದ. ಅಷ್ಟರಲ್ಲೇ ಪಟ್ಟೆಂದು ಸದ್ದಾಯಿತು. ರೇಡಿಯೇಟರಿನ ರಬ್ಬರ್ ಪೈಪು ಸೀಳಿ, ಅವನ ಮುಖ ಬಗ್ಗಿದ್ದ ಜಾಗಕ್ಕೇ ಕುದಿನೀರು ಚಿಮ್ಮಿತು. ದೂರ ಸರಿದಿದ್ದರೂ ನಾಲ್ಕು ಹನಿ ಅವನ ಮೊಣಕೈ ಮೇಲೆ ಬಿದ್ದು ಚರ್ಮ ಕೆಂಪೇರಿತು. ಸ್ಪಂದನಾ ಅವನನ್ನು ಕೂರಿಸಿ, ಕುಡಿಯುವ ತಣ್ಣೀರನ್ನು ಗಾಯದ ಮೇಲೆ ಬಹಳ ಹೊತ್ತು ಸುರಿದಳು. ಮರದ ಕೆಳಗಿನಿಂದ ಪುಟ್ಟತಾಯಮ್ಮ ಮಗನ ಹೆಸರು ಹಿಡಿದು ಕರೆಯುತ್ತಲೇ ಇದ್ದರು. ಏನೂ ಆಗಿಲ್ಲ ಎಂದು ಅವನು ಕೂತಲ್ಲಿಂದಲೇ ಕೂಗಿ ಹೇಳಿದ.

ಸ್ಪಂದನಾ ಪುಟ್ಟತಾಯಮ್ಮನನ್ನು ಬಸ್ಸಿನಲ್ಲಿ ಹಾಸನಕ್ಕೆ ಕರೆದುಕೊಂಡು ಹೋದಳು. ಅರಕಲಗೂಡಿನಿಂದ ಬಂದ ಮೆಕ್ಯಾನಿಕ್ ಶಶಿಕಿರಣ್ ಎಂಜಿನ್ ಪೂರ್ತಿ ತಣ್ಣಗಾಗುವವರೆಗೆ ಯಾವುದನ್ನೂ ಮುಟ್ಟಲಿಲ್ಲ. ಆಮೇಲೆ ತೋರಿಸಿದ: ಪೈಪಿನ ಕ್ಲಿಪ್ಪಿನ ಹತ್ತಿರ ಮೊದಲೇ ಸಣ್ಣ ಬಿರುಕಿತ್ತು. ಅಲ್ಲಿಂದ ಸೋರಿದ ನೀರು ಕಾದ ಎಂಜಿನ್ ಮೇಲೆ ಬಿದ್ದು ಬುಸ್ ಎನ್ನುತ್ತಿತ್ತು. ಬರೀ ಬೋರ್‌ವೆಲ್ ನೀರು ಹಾಕಿ ಒಳಗೆಲ್ಲ ತುಕ್ಕು, ಉಪ್ಪು ಕಟ್ಟಿತ್ತು. ಗ್ಯಾರೇಜಿಗೆ ಎಳೆದುಕೊಂಡು ಹೋಗಿ ಹೊಸ ಪೈಪು, ಕ್ಲಿಪ್ಪು, ಮುಚ್ಚಳ ಹಾಕಿದ. ರೇಡಿಯೇಟರ್ ತೊಳೆದು, ತುಕ್ಕು ಹಿಡಿಸದೆ ಎಂಜಿನ್ ತಂಪಾಗಿಡುವ ಕೂಲೆಂಟ್ ದ್ರವ ತುಂಬಿದ. ಒಳಗೆ ಗಾಳಿ ಒತ್ತಿ, ಬೇರೆಲ್ಲೂ ಸೋರುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡ. ಇನ್ನೊಂದಷ್ಟು ದೂರ ಓಡಿಸಿದ್ದರೆ ಎಂಜಿನ್ನೇ ಹೋಗುತ್ತಿತ್ತು ಎಂದ.

ಮಾರನೆಯ ದಿನ ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ಪುಟ್ಟತಾಯಮ್ಮನನ್ನು ಕರೆತರಲು ಗಂಡ ಹೆಂಡತಿ ಹೋದರು. ಪುಟ್ಟತಾಯಮ್ಮ ಕಾರಿನ ಬಾಗಿಲಲ್ಲೇ ನಿಂತು, ಸದ್ದು ಹೋಯಿತೇ ಎಂದು ಕೇಳಿದರು.

“ಓಯ್ತು ಕಣವ್ವ,” ಎಂದ ಸುದರ್ಶನ. “ಇವ್ಳು ಏಳ್ದಾಗ್ಲೇ ತೋರುಸ್ಬೇಕಾಗಿತ್ತು.”

ಓದುಗರೇ, ನಿಮ್ಮ ಕಾರಿನಿಂದಲೂ ಬುಸ್ ಸದ್ದು ಬರುತ್ತಿದೆಯೇ? ಕೆಲವೊಮ್ಮೆ ಅದು ಎಂಜಿನ್ ಗಾಳಿ ಎಳೆದುಕೊಳ್ಳುವ ಪೈಪಿನ ಸಣ್ಣ ಸೋರಿಕೆಯೂ ಇರಬಹುದು. ಆದರೆ ಪರೀಕ್ಷೆ ಮಾಡಿಸದೆ ತಿಳಿಯುವುದಿಲ್ಲ. ಕೂಲೆಂಟ್ ಮಟ್ಟವನ್ನು ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ ನೋಡಿ. ದಾರಿಯಲ್ಲಿ ಮುಳ್ಳು ಏರಿದರೆ ಅಲ್ಲೇ ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ, ಎಲ್ಲರನ್ನೂ ಇಳಿಸಿ ದೂರ ನಿಲ್ಲಿ. ಹಬೆ ಬರುವಾಗ ಬಾನೆಟ್ ಎತ್ತಬೇಡಿ. ಬಿಸಿ ರೇಡಿಯೇಟರಿನ ಮುಚ್ಚಳ ತೆಗೆಯಲೇಬೇಡಿ. ಊರು ಸೇರುವುದು ತಡವಾದರೆ ಆಗಲಿ. ನಿಮ್ಮ ಮುಖ, ನಿಮ್ಮ ಕಣ್ಣು ಉಳಿಯಲಿ.