ಬೇವಿನ ಸ್ಟೂಲಿನ ಸಂದು

ಕಿರ್ ಎಂದಿತೇ, ಇಲ್ಲ, ಅದು ಕಿಟಕಿ, ಬಸವಕಲ್ಯಾಣ ಬಿಟ್ಟಾಗಿನಿಂದ ಈ ಬಸ್ಸಿನಲ್ಲಿ ಕಿರ್ ಎನ್ನದ್ದು ಯಾವುದಿದೆ — ಸ್ನೇಹಲ್ ಕಂಬಿಗೆ ಜೋತುಬಿದ್ದು ಮೊಣಕಾಲಿನಿಂದ ಸ್ಟೂಲನ್ನು ಒತ್ತಿ ಹಿಡಿದಿದ್ದಾಳೆ, ಅಮ್ಮನ ಹಳೇ ಸೀರೆ ಸುತ್ತಿದ ಸ್ಟೂಲು, ಮೂರು ಕಾಲು, ಒಂದು ಹಲಗೆ, ಮೊಳೆ ಹೊಡೆದರೆ ಸೊನ್ನೆ ಅಂದಿದ್ದರು ಡಿಸೈನ್ ಕಾಲೇಜಿನ ಸರ್, ಕಾಲಿನ ತುದಿ ಹಲಗೆಯ ತೂತಿನಲ್ಲಿ ತಾನೇ ಬಿಗಿಯಾಗಿ ಕೂರಬೇಕು, ನಾಳೆ ಎಲ್ಲರೆದುರು ಅದರ ಮೇಲೆ ಕೂತು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತಾರೆ, ಕಳೆದ ಸಲ ಅವಳ ಪುಸ್ತಕದ ಗೂಡನ್ನು ಒಂದೇ ಬೆರಳಿನಿಂದ ಅಲುಗಾಡಿಸಿದ್ದರು, ಎಲ್ಲರೂ ನಕ್ಕಿದ್ದರು, ಈ ಸಲವೂ ಹೋದರೆ ವರ್ಷವೇ ಹೋಯಿತು, ಅಪ್ಪ ಅಂಗಡಿಯಲ್ಲಿ ಸಕ್ಕರೆ ತೂಗುತ್ತಲೇ ಹೇಳಿದ್ದಾರೆ, ಇದೂ ಆಗಲಿಲ್ಲಂದ್ರ ಸುಮ್ನ ಮನಿಗಿ ಬಂದು ಬಿ.ಎಡ್. ಮಾಡವ್ವ. ಕರೆಂಟಿನ ತಂತಿಗೆ ತಾಗುತ್ತದೆಂದು ಅಂಗಳದ ಬೇವು ಕಡಿಸಿದ ದಿನ ಎಷ್ಟು ಖುಷಿಯಾಗಿತ್ತು, ತಾನು ಆಡಿದ ನೆರಳು, ಅದೇ ಮರದ ಸ್ಟೂಲು, ನಾಳೆ ಸರ್ ಎದುರು ಆಡಬೇಕಾದ ಮಾತು ಅವತ್ತೇ ಬಾಯಿಪಾಠ, ಹಸಿ ಕಟ್ಟಿಗೆ ಎಂಬುದು ಗೊತ್ತಿತ್ತು, ಆದರೆ ಈ ಬಿಸಿಲಿನಲ್ಲಿ ಯಾವುದು ಒಣಗುವುದಿಲ್ಲ ಎಂದುಕೊಂಡು ಮಾಳಿಗೆಯ ಮೇಲೆ ಅಮ್ಮನ ಸಂಡಿಗೆಯ ಪಕ್ಕದಲ್ಲೇ ಹರವಿದ್ದಳು, ಸಂಡಿಗೆ ಒಣಗಿತು, ಕಟ್ಟಿಗೆ ಹೊರಗೆ ಮಾತ್ರ ಒಣಗಿತು, ಗುದ್ದಿ ಗುದ್ದಿ ಕೂರಿಸಿದ ಕಾಲಿನ ಪಕ್ಕದಲ್ಲಿ ಬೆಳಗಾಗುವುದರೊಳಗೆ ಒಂದು ಸಂದು, ಕೂದಲಷ್ಟು, ಆಮೇಲೆ ದಾರದಷ್ಟು, ಆಮೇಲೆ ಉಗುರು ಹೋಗುವಷ್ಟು, ಅದಕ್ಕೆ ಫೆವಿಕಾಲಿನಲ್ಲಿ ಕಲಸಿದ ಮರದ ಹೊಟ್ಟು ತುಂಬಿ ಉಜ್ಜಿ ಎಣ್ಣೆ ಸವರಿದ್ದಾಳೆ, ಯಾರಿಗೂ ಕಾಣುವುದಿಲ್ಲ, ಕಣ್ಣು ಮುಚ್ಚಿದರೆ ಅವಳಿಗೆ ಅದೊಂದೇ ಕಾಣುತ್ತದೆ.

ರಾಜೇಶ್ವರದಲ್ಲಿ ಮತ್ತಷ್ಟು ಜನ, ಒಳಗ ಸರೀರಿ ಒಳಗ ಸರೀರಿ ಅಂತ ಕಂಡಕ್ಟರ್, ಗಂಟು ಹೊತ್ತ ಮುದುಕಿಯೊಬ್ಬಳು ನೇರ ಬಂದು ಇವಳೆದುರೇ ನಿಂತಳು, ಇದ್ಯಾರವ್ವ ಸೀರಿ ಉಟ್ಟು ನಿಂತಾರ, ಸ್ಟೂಲ್ ಅಜ್ಜಿ, ಯಾರು ಮಾಡ್ಯಾರ, ನಾನೇ, ನೀನಾ! ಮತ್ತ ಕೂಡ್ಲೇನು, ಬ್ಯಾಡಜ್ಜಿ ಅದು ಕಾಲೇಜಿಂದು, ಕೂಡಬ್ಯಾಡಂತ ಹೇಳಾಕ ಇಷ್ಟು ಕಷ್ಟಬಿದ್ದು ಮಾಡೀಯೇನು — ಬಸ್ಸಿಗೆ ಬಸ್ಸೇ ನಕ್ಕಿತು, ಹಿಂದಿನಿಂದ ಯಾರೋ ಹೆಂಗಸು, ಏ ಭೀಮಬಾಯಿ, ಪಾಪ ಹುಡುಗಿದು ಮುರದೀ, ಅಷ್ಟರಲ್ಲಿ ಭೀಮಬಾಯಿ ಕೂತಾಗಿತ್ತು. ಎಡಕ್ಕೆ ತಿರುವು, ಬಲಕ್ಕೆ ತಿರುವು, ಸರ್ ಕೂಡ ಇಷ್ಟು ವಾಲಲಿಕ್ಕಿಲ್ಲ, ಏಳು ಅನ್ನಲೇ, ಹೇಗೆ ಅನ್ನಲಿ, ಕಿರ್, ಇದು ಕಿಟಕಿಯಲ್ಲ, ಇದು ಅದೇ, ಮುದುಕಿ ಅವಳ ಸೊಂಟಕ್ಕೆ ತಲೆ ಒರಗಿಸಿ ತೂಕಡಿಸುತ್ತಿದ್ದಾಳೆ, ಪ್ರತಿ ತಗ್ಗಿಗೂ ಸ್ನೇಹಲ್ ಮೊಣಕಾಲನ್ನು ಸ್ಟೂಲಿಗೆ ಇನ್ನಷ್ಟು ಒತ್ತುತ್ತಾಳೆ. ಹುಮನಾಬಾದ್, ಇಳೀರಿ ಇಳೀರಿ, ಮುದುಕಿ ಎದ್ದು ಸ್ಟೂಲನ್ನು ಮಗುವಿಗೆ ತಟ್ಟಿದಂತೆ ತಟ್ಟಿ, ಛಲೋ ಅದ ಬಿಡವ್ವ, ಸ್ವಲ್ಪ ಗಿಡ್ಡ ಆಗ್ಯದ ಅಷ್ಟೆ, ಎಂದು ಇಳಿದೇಹೋದಳು. ಸ್ನೇಹಲ್ ಕೂಡ ಇಳಿದು ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲಿಟ್ಟು ಸೀರೆ ಬಿಚ್ಚಿದರೆ ಮಡಿಕೆಯಿಂದ ಪುಡಿ ಉದುರಿತು, ತುಂಬಿದ್ದೆಲ್ಲ ಬಿದ್ದುಹೋಗಿದೆ, ಕಾಲು ಹಿಡಿದು ಅಲುಗಿಸಿದಳು, ಅಲುಗಲಿಲ್ಲ, ಜೋರಾಗಿ, ಇಲ್ಲ, ಸಂದು ಒಂದೇ ಮಗ್ಗುಲಿಗೆ, ಉಳಿದೆಡೆ ಕಾಲು ಕಚ್ಚಿ ಕೂತಿದೆ, ಹಾಗಾದರೆ ಇಷ್ಟು ದಿನ ಏನನ್ನು ತುಂಬುತ್ತಿದ್ದೆ, ಆದರೆ ಸರ್ ಬೆರಳು ಮೊದಲು ಅಲ್ಲಿಗೇ ಹೋಗುತ್ತದೆ, ಇದೇನಿದು ಅನ್ನುತ್ತಾರೆ, ಬಾಯಿಪಾಠದಲ್ಲಿ ನೆರಳಿದೆ ಅಂಗಳವಿದೆ ಈ ಸಂದು ಇಲ್ಲ, ಕಾಲೇಜಿಗೆ ಹೋಗುವ ರೈಲಿಗೆ ಇನ್ನೂ ಹೊತ್ತಿದೆ, ಚೀಲದಲ್ಲಿ ಫೆವಿಕಾಲ್ ಇದೆ, ಕರವಸ್ತ್ರದಲ್ಲಿ ಹೊಟ್ಟು ಇದೆ, ಮುಚ್ಚಳ ಅರ್ಧ ತಿರುಗಿಸಿದ್ದಾಳೆ, ಎಷ್ಟು ಬೇಕಾದೀತು ಎಂದು ಸ್ಟೂಲನ್ನೆತ್ತಿ ಕಣ್ಣಿಗೆ ಹಿಡಿದಳು, ಕಾಲಿಗೂ ಹಲಗೆಗೂ ನಡುವೆ, ಆಚೆ ಕಾಣುವಂತೆ, ಉಗುರಿನಷ್ಟು ಬಿಳಿ ಆಕಾಶ, ಮುಚ್ಚಳ ಅರ್ಧ ತಿರುಗಿಸಿದಲ್ಲೇ, ಇದನ್ನು ಮುಚ್ಚಲೇಬೇಕೇ, ಸಂದು, ಸಂದಿನೊಳಗೆ ಉಗುರಿನಷ್ಟು ಬಿಳಿ —