ಒಂಬತ್ತು ಸೆಕೆಂಡಿನ ಹೊಳೆ

ಹದಿನಾಲ್ಕನೆಯ ಶಾಟ್‌ನ ಜೊತೆ ಬಂದ ಸೂಚನೆ ಮೂರೇ ಶಬ್ದದ್ದು: ‘ನೀರಲ್ಲಿರುವ ಮನುಷ್ಯನನ್ನು ತೆಗೆಯಿರಿ.’

ಮೂಡುಬಿದಿರೆಯ ಬೇಕರಿಯೊಂದರ ಮಾಳಿಗೆಯಲ್ಲಿ ಶೋಧನ್ ನಡೆಸುವ ಗ್ರಾಫಿಕ್ಸ್ ಸ್ಟುಡಿಯೋದಲ್ಲಿ ವೇಣೂರಿನ ಶಶಿರಾಜನ ಕೆಲಸವೇ ಅದು. ದೊಡ್ಡ ದೊಡ್ಡ ಸಿನಿಮಾಗಳಿಂದ ಬೇಡದ್ದನ್ನು ಅಳಿಸುವುದು. ಲೈಟುಕಂಬ, ಸಾಹಸ ಮಾಡುವವನ ಸೊಂಟದ ಹಗ್ಗ, ನಾಯಕ ಅಳುವಾಗ ಹಿಂದೆ ನಿಂತು ಆಕಳಿಸುವ ದಾರಿಹೋಕ. ಅಳಿಸಿದ ಜಾಗಕ್ಕೆ ಪಕ್ಕದ ಗೋಡೆಯನ್ನೋ ಆಕಾಶವನ್ನೋ ತಂದು ಹಚ್ಚುವುದು. ಕೆಲಸ ಚೆನ್ನಾಗಿ ಆದರೆ ಕೆಲಸ ಆದದ್ದೇ ಯಾರಿಗೂ ಗೊತ್ತಾಗುವುದಿಲ್ಲ. ಇಂಥ ಉದ್ಯೋಗದಲ್ಲಿ ಹೆಸರು ಬರುವುದಾದರೂ ಹೇಗೆ ಎಂದು ಅವನ ತಾಯಿ ಪದ್ಮಲತಾ ಆಗಾಗ ಕೇಳುವುದಿತ್ತು.

ಆ ವರ್ಷದ ಮಳೆಗಾಲದಲ್ಲಿ, ಆಟಿ ತಿಂಗಳಲ್ಲಿ, ಸಿನಿಮಾದವರು ಮಳೆ ಚಿತ್ರೀಕರಿಸಲು ಚಾರ್ಮಾಡಿಗೆ ಬಂದಿದ್ದರು. ಸೇತುವೆಯ ಮೇಲೆ ಕ್ಯಾಮೆರಾ ಇಟ್ಟುಕೊಂಡಿದ್ದಾಗಲೇ ಹೊಳೆ ಉಕ್ಕಿ ಬಂತು. ಅವರ ಅದೃಷ್ಟ! ಕೆಂಪು ನೀರಿನ ನಡುವೆ ಒಬ್ಬ ಹಾಲಿನ ಕ್ಯಾನನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಂತಿದ್ದಾನೆ. ಆರನೆಯ ಸೆಕೆಂಡಿಗೆ ಕಾಲು ತಪ್ಪುತ್ತದೆ. ಒಂಬತ್ತನೆಯದಕ್ಕೆ ಕ್ಯಾನ್ ಮಾತ್ರ ಕಾಣುತ್ತದೆ. ಚಿತ್ರ ಹಿಡಿದವನ ಕೈ ಒಂದಿಷ್ಟೂ ಅಲುಗಾಡಿರಲಿಲ್ಲ.

ಒಂಬತ್ತು ಸೆಕೆಂಡು ಎಂದರೆ ಇನ್ನೂರ ಹದಿನಾರು ಚಿತ್ರ. ಒಂದೊಂದರಿಂದಲೂ ಆ ಮನುಷ್ಯನನ್ನು ಕೈಯಾರೆ ತೆಗೆಯಬೇಕು. ಮೂರನೆಯ ದಿನ ಮುಖವನ್ನು ದೊಡ್ಡದು ಮಾಡಿ ನೋಡಿದಾಗ ಶಶಿರಾಜನಿಗೆ ಗುರುತು ಸಿಕ್ಕಿತು. ಅದು ಡೊಂಬಯ್ಯ, ವೇಣೂರಿನಲ್ಲಿ ತನ್ನ ನೆರೆಮನೆಯ ಕುಸುಮಕ್ಕನ ಗಂಡ.

ಡೊಂಬಯ್ಯ ಆ ಮಳೆಗೆ ಕಾಣೆಯಾದವನು. ಹೆಣ ಸಿಕ್ಕಿರಲಿಲ್ಲ, ನೋಡಿದೆ ಎಂದವರೂ ಇರಲಿಲ್ಲ. ಬಾಯಿಗೆ ಬೀಗವಿಲ್ಲದ ಜನ ಬೊಂಬಾಯಿಯಲ್ಲಿ ಬೇರೆ ಹೆಂಗಸಿನ ಜೊತೆ ಹೋಟೆಲು ಇಟ್ಟಿದ್ದಾನಂತೆ ಎಂದರು. ಹೆಂಡತಿ ಸರಿ ಇದ್ದಿದ್ದರೆ ಯಾಕೆ ಓಡುತ್ತಿದ್ದ ಎಂದೂ ಸೇರಿಸಿದರು. ಕುಸುಮ ಚಾರ್ಮಾಡಿಯ ಗಂಡನ ಮನೆ ಬಿಟ್ಟು ತವರಿಗೆ ಬಂದು ಬೀಡಿ ಕಟ್ಟುತ್ತಾ ಕುಳಿತಳು. ದೀಪಾವಳಿಗೆ ಗಂಡನ ಮನೆಯಲ್ಲಿ ತೀರಿಹೋದವರಿಗೆಲ್ಲ ಎಲೆ ಹಾಕಿ ಬಡಿಸುತ್ತಾರೆ. ಡೊಂಬಯ್ಯನ ಅಣ್ಣ ಚಿನ್ನಯ್ಯ ತಮ್ಮನಿಗೆ ಎಲೆ ಹಾಕಲು ಒಪ್ಪಲಿಲ್ಲ. ಬದುಕಿದವನಿಗೆ ಎಲೆ ಹಾಕುವುದುಂಟೇ?

ಆ ಒಂದು ಎಲೆಗಾಗಿ ಕುಸುಮ ಕಾಯುತ್ತಿದ್ದಳು. ಎಲೆ ಬಿದ್ದರೆ ಗಂಡ ಸತ್ತವನು, ಇಲ್ಲದಿದ್ದರೆ ಬಿಟ್ಟು ಹೋದವನು. ಶಶಿರಾಜನಿಗೆ ಇದೆಲ್ಲ ಗೊತ್ತಿತ್ತು. ಆದರೆ ಸಿನಿಮಾ ಬಿಡುಗಡೆಯಾಗುವವರೆಗೆ ಬಾಯಿ ಬಿಡುವುದಿಲ್ಲ ಎಂದು ಕಾಗದಕ್ಕೆ ಸಹಿ ಹಾಕಿದ್ದ. ಒಂದು ಪ್ರತಿಯನ್ನು ಕದ್ದು ಇಟ್ಟುಕೊಂಡ, ಆಮೇಲೆ ಹೇಳುವ ಎಂದುಕೊಂಡ, ಹನ್ನೊಂದು ದಿನ ಕುಳಿತು ಡೊಂಬಯ್ಯನನ್ನು ಅಳಿಸಿದ. ಅಷ್ಟು ಚೆಂದದ ಕೆಲಸ ಅವನು ಅದಕ್ಕಿಂತ ಮೊದಲು ಮಾಡಿರಲಿಲ್ಲ.

ಸಿನಿಮಾ ಬಂತು, ಓಡಿತು. ಹೇಳಲು ಒಳ್ಳೆಯ ದಿನ ಮಾತ್ರ ಬರಲಿಲ್ಲ. ಪುಕ್ಕಲನಿಗೆ ಅದು ಬರುವುದೂ ಇಲ್ಲ. ಅಷ್ಟರಲ್ಲಿ ಬೊಂಬಾಯಿಯಲ್ಲಿ ಆ ನೆರೆಯ ದೃಶ್ಯಕ್ಕೇ ಗ್ರಾಫಿಕ್ಸಿನ ದೊಡ್ಡ ಪ್ರಶಸ್ತಿ ಬಂದುಬಿಟ್ಟಿತು.

ಮೂಡುಬಿದಿರೆಯ ಸಭಾಭವನದಲ್ಲಿ ಸನ್ಮಾನ ನಡೆಯಿತು. ಪೇಟ, ಶಾಲು, ಹಣ್ಣಿನ ಬುಟ್ಟಿ. “ಈ ಹೊಳೆಯಲ್ಲಿ ಒಂದು ಹನಿ ನೀರೂ ನಿಜದ್ದಲ್ಲ. ಎಲ್ಲ ನಮ್ಮ ಹುಡುಗರು ಕಂಪ್ಯೂಟರಿನಲ್ಲಿ ಮಾಡಿದ್ದು!” ಎಂದು ಶೋಧನ್ ಮೈಕಿನಲ್ಲಿ ಘೋಷಿಸಿದ. ಪ್ರಶಸ್ತಿಯ ಅರ್ಜಿಯಲ್ಲೂ ಹಾಗೆಯೇ ಬರೆದಿದ್ದರು. ಜನರನ್ನು ನಗಿಸಲು ಇನ್ನೊಂದು ತುಣುಕನ್ನೂ ಮಾಡಿಸಿದ್ದ. ಅದರಲ್ಲಿ ಚಾರ್ಮಾಡಿ ಹಾಲಿನ ಸೊಸೈಟಿಯ ಅಧ್ಯಕ್ಷರು ಪಂಚೆ ಎತ್ತಿ ಕಟ್ಟಿಕೊಂಡು ಅದೇ ನೆರೆಗೆ ಇಳಿದು, ಕೈಬೀಸಿ, ಮುಳುಗಿ ಹೋಗುತ್ತಾರೆ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಅಧ್ಯಕ್ಷರೇ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಂಜೆಯೊಳಗೆ ಅದು ಇಡೀ ತಾಲೂಕಿನ ವಾಟ್ಸಾಪಿನಲ್ಲಿ ಹರಿದಾಡಿತು. ಅದನ್ನು ಮಾಡಿದವನೂ ಶಶಿರಾಜನೇ.

ಸಭೆ ಮುಗಿದ ಮೇಲೆ ಕುಸುಮ ಅವನ ಹತ್ತಿರ ಬಂದಳು. ನೆರೆಮನೆಯ ಹುಡುಗನಿಗೆ ಶಾಲು ಹೊದೆಸುವುದನ್ನು ನೋಡಲು ಬೀಡಿ ಬದಿಗಿಟ್ಟು ಬಂದಿದ್ದಳು.

“ಭಾರೀ ಖುಷಿ ಆಯ್ತು ಶಶಿಯಣ್ಣ. ಒಂದು ಕೇಳ್ತೇನೆ. ಅದು ನಮ್ಮ ಸೊಸೈಟಿಯ ಹತ್ತಿರದ ಹೊಳೆಯ ಹಾಗೆಯೇ ಉಂಟಲ್ಲ? ಆ ಕರಿಕಲ್ಲೂ ಉಂಟು. ನಮ್ಮವರು ಹಾಲು ಹಿಡ್ಕೊಂಡು ದಾಟ್ತಿದ್ದದ್ದು ಅಲ್ಲೇ.”

ಹೆಗಲ ಮೇಲಿನ ಶಾಲು ಅವನಿಗೆ ಭಾರವಾಯಿತು. ಅಲ್ಲೇ, ಸಭಾಭವನದ ಮೆಟ್ಟಿಲ ಮೇಲೆ, ಅವನು ಎಲ್ಲವನ್ನೂ ಹೇಳಿಬಿಟ್ಟ. ಮೊಬೈಲಿನಲ್ಲಿ ಆ ಒಂಬತ್ತು ಸೆಕೆಂಡನ್ನೂ ತೋರಿಸಿದ.

ಕುಸುಮ ಅಳಲಿಲ್ಲ. “ಕ್ಯಾನಿನ ಮುಚ್ಚಳಕ್ಕೆ ಕಟ್ಟಿದ ನೀಲಿ ಬಟ್ಟೆ ನನ್ನ ಸೀರೆಯ ಅಂಚು. ನಾನೇ ಹರಿದು ಕಟ್ಟಿದ್ದು,” ಎಂದಳು. ಮೆಟ್ಟಿಲಿಳಿಯುತ್ತಾ, “ನಾಳೆ ಭಾವನ ಹತ್ತಿರ ಹೋಗುವ. ದೀಪಾವಳಿಗೆ ಇನ್ನು ಎಂಟೇ ದಿನ ಇರುವುದು,” ಎಂದಳು.

ಮರುದಿನ ಹೊರಡುವ ಮೊದಲು ಶಶಿರಾಜ್ ಶೋಧನನಿಗೆ ಫೋನು ಮಾಡಿದ. ಈ ನೀರು ನಿಜದ್ದು ಎಂದು ಒಂದು ಮಾತು ಬರೆದುಕೊಡಿ ಎಂದು ಬೇಡಿಕೊಂಡ. “ತಲೆ ಸರಿ ಉಂಟಾ ಮಾರಾಯ? ಸಿನಿಮಾದವರು ಮೂಲವನ್ನು ಅಳಿಸಿ ಆಗಿದೆ. ನಾನು ಬರೆದುಕೊಟ್ರೆ ಪ್ರಶಸ್ತಿಯೂ ಇಲ್ಲ, ಸ್ಟುಡಿಯೋವೂ ಇಲ್ಲ, ನೀನೂ ಇಲ್ಲ,” ಎಂದು ಶೋಧನ್ ಫೋನು ಇಟ್ಟ.

ಚಾರ್ಮಾಡಿಯ ಮನೆಯ ಜಗಲಿಯಲ್ಲಿ ಚಿನ್ನಯ್ಯ ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದರು. ಮೊದಲ ಸಲ ಅವರ ತುಟಿ ನಡುಗಿದ್ದನ್ನು ಶಶಿರಾಜ್ ಕಂಡ. ಎರಡನೆಯ ಸಲ ಮುಗಿಯುವಷ್ಟರಲ್ಲಿ ಆ ಮುಖ ಗಟ್ಟಿಯಾಗಿತ್ತು.

“ನಿನ್ನೆ ನಮ್ಮ ಅಧ್ಯಕ್ಷರನ್ನು ಹೊಳೆಗೆ ಇಳಿಸಿದ್ದು ನೀವೇ ಅಲ್ವಾ?”

“ಹೌದು, ಅದು ತಮಾಷೆಗೆ...”

“ಇದೇ ಹೊಳೆ. ಇದೇ ಕಲ್ಲು. ಅವರೂ ಹೀಗೆಯೇ ಮುಳುಗಿದ್ರು. ಇವತ್ತು ಬೆಳಿಗ್ಗೆ ಸೊಸೈಟಿಗೆ ಬಂದು ಹಾಲು ಕೊಟ್ಟು ಹೋದ್ರು ಮಾರಾಯ್ರೆ.”

“ಇದು ನಿಜದ್ದು. ದೇವರಾಣೆ.”

“ಒಂದು ಹನಿಯೂ ನಿಜ ಅಲ್ಲ ಅಂತ ಮೈಕಿನಲ್ಲಿ ಹೇಳಿದ್ದಲ್ವಾ? ನೀವು ಅಲ್ಲಿಯೇ ಪೇಟ ಹಾಕಿ ಕೂತಿದ್ರಿ.” ಚಿನ್ನಯ್ಯ ಮೊಬೈಲನ್ನು ಹಿಂದಕ್ಕೆ ಕೊಟ್ಟರು. ದನಿಯಲ್ಲಿ ಸಿಟ್ಟಿಗಿಂತ ಬೇಡಿಕೆಯೇ ಹೆಚ್ಚಿತ್ತು. “ಇವಳ ಮೇಲೆ ಕನಿಕರದಿಂದ ಮಾಡಿದ್ದು ಅಂತ ಗೊತ್ತು. ಆದ್ರೆ ನನ್ನ ತಮ್ಮನನ್ನು ಕೊಲ್ಬೇಡಿ. ಬೊಂಬಾಯಿಯಲ್ಲಿ ಎಲ್ಲಿಯಾದ್ರೂ ಇರ್ಲಿ, ಯಾರ ಜೊತೆಯಾದ್ರೂ ಇರ್ಲಿ.”

ನೀಲಿ ಬಟ್ಟೆಯ ಮಾತನ್ನು ಕುಸುಮ ಎತ್ತಿದಳು. ಇವಳೇ ಹೇಳಿ ಹಾಕಿಸಿರಬೇಕು ಎಂದು ಒಳಗಿನಿಂದ ಯಾರೋ ಅಂದರು. ಅವಳು ಚಪ್ಪಲಿ ಮೆಟ್ಟಿ ಅಂಗಳಕ್ಕಿಳಿದಳು.

ಬಸ್ ಸ್ಟಾಪಿನಲ್ಲಿ ಅವಳು ಕೇಳಿದಳು: “ಇದು ನಿಮ್ಮ ಹತ್ತಿರ ಯಾವಾಗಿನಿಂದ ಉಂಟು?”

“ಎರಡು ವರ್ಷ ಕಳೆಯಿತು ಕುಸುಮಕ್ಕ.”

“ಎರಡು ದೀಪಾವಳಿ,” ಎಂದಳು. “ಆಗಲೇ ತೋರಿಸಿದ್ರೆ ನಂಬ್ತಿದ್ರು. ಆಗ ನಿಮ್ಮ ಕೆಲಸ ಏನು ಅಂತ ಇಲ್ಲಿ ಯಾರಿಗೂ ಗೊತ್ತಿರ್ಲಿಲ್ಲ.”

ಅವನು ಮೊಬೈಲನ್ನು ಕಿಸೆಗೆ ಹಾಕಿಕೊಂಡ. ಅವಳೇ ಮತ್ತೆ ಕೇಳಿದಳು:

“ಸಿನಿಮಾದಲ್ಲಿ ಅವರು ನಿಂತ ಜಾಗದಲ್ಲಿ ಈಗ ಏನುಂಟು?”

“ನೀರು.”

“ಅದನ್ನು ಹಾಕಿದ್ದು ಯಾರು?”

“ನಾನು.”

ಘಾಟಿ ಇಳಿದು ಬಂದ ಬಸ್ಸು ತಿರುವಿನಲ್ಲಿ ಹಾರ್ನ್ ಹೊಡೆಯಿತು. ಕುಸುಮ ಸೆರಗು ಸರಿಮಾಡಿಕೊಂಡಳು.

“ಇನ್ನು ಅದನ್ನು ಯಾರಿಗೂ ತೋರಿಸ್ಬೇಡಿ ಶಶಿಯಣ್ಣ. ನೀವು ತೋರಿಸಿದಷ್ಟೂ ಅವರು ಸುಳ್ಳಾಗ್ತಾರೆ.”

ಅವಳು ಬಸ್ಸು ಹತ್ತಿ ಮುಂದಿನ ಸೀಟಿನಲ್ಲಿ ಕುಳಿತಳು. ಅವನೂ ವೇಣೂರಿಗೇ ಹೋಗಬೇಕಿತ್ತು. ಕಂಡಕ್ಟರ್ ಬಾಗಿಲಲ್ಲಿ ನಿಂತು, ಬರುವುದಾದರೆ ಬೇಗ ಹತ್ತಿ ಎಂದ. ಶಶಿರಾಜ್ ಬರುವುದಿಲ್ಲ ಎಂದು ಕೈಯಾಡಿಸಿದ.